ಪಿಟೀಲಿಗೆ ಆರ್ಗನ್ನಿನ ಆಸರೆ

ಪಾಶ್ಚಾತ್ಯ ಸಂಗೀತದಲ್ಲಿ ಪಿಟೀಲಿಗೆ ಒಪ್ಪುವ ಜೊತೆ ಯಾವುದೆಂದು ಕೇಳಿದರೆ ಪಿಯಾನೋ ಎಂಬ ಉತ್ತರವೇ ಎಲ್ಲರ ಬಾಯಲ್ಲೂ ಬರುವುದು. ಬೀಥೋವನ್, ಬ್ರಾಮ್ಸ್ ಮೊದಲಾದ ಮಹನೀಯರು ಈ ಎರಡು ವಾದ್ಯಗಳಿಗೆಂದು ರಚಿಸಿದ ಸೊನಾಟಗಳು ತಲೆಮಾರುಗಳಿಂದ ಸಭಾಮಂದಿರಗಳನ್ನು ಆಳುತ್ತ ಬಂದಿರುವುದರಿಂದ ಅದು ಸ್ವಾಭಾವಿಕವೇ ಸರಿ. ಆದರೆ ಪಿಯಾನೋ ಹುಟ್ಟುವುದಕ್ಕೂ ಮುಂಚೆ, ಹದಿನೇಳನೆಯ ಶತಮಾನದ ಆಸ್ಟ್ರಿಯ, ಬೊಹೀಮಿಯ ಪ್ರಾಂತಗಳ ಇಗರ್ಜಿಗಳಲ್ಲಿ, ನೆಲದಿಂದ ಬಹಳ ಎತ್ತರದಲ್ಲಿದ್ದ ಅಟ್ಟಣೆಗಳ ಮೇಲೆ, ಪಿಟೀಲು ನಿಂತು ನುಡಿದದ್ದು ಆರ್ಗನ್ನಿನ ಮಗ್ಗುಲಲ್ಲಿ. ಆ ಹಳೆಯ ನಂಟನ್ನು ನಮ್ಮ ಕಾಲದ ಕಿವಿಗೆ ಮರಳಿ ಮುಟ್ಟಿಸುವ ಕಾರ್ಯದಲ್ಲಿ ತೊಡಗಿದ ಕಲಾವಿದರು ಹಲವರುಂಟು. ಅವರಲ್ಲಿ ವೇಲ್ಸ್ ದೇಶದ ನೀತ್ ಎಂಬ ಊರಿನಲ್ಲಿ 1948ರಲ್ಲಿ ಜನಿಸಿದ ಜಾನ್ ಹಾಲೋವೇ ಅವರ ಹೆಸರನ್ನು ನಾನು ಮೊದಲು ಹೇಳುತ್ತೇನೆ. ಅವರು ಬಿಟ್ಟಿರುವ ಧ್ವನಿಮುದ್ರಿಕೆಗಳಲ್ಲಿ ಕೆಲವು, ಪಿಟೀಲು ಮತ್ತು ಆರ್ಗನ್ನುಗಳ ಸಾಹಚರ್ಯವೆಂದರೆ ಏನೆಂಬುದನ್ನು ಯಾವ ಪ್ರಬಂಧಕ್ಕಿಂತಲೂ ಸ್ಪಷ್ಟವಾಗಿ ತಿಳಿಸಿಕೊಡತಕ್ಕವು.

ಈ ಸಾಹಚರ್ಯದ ಮರ್ಮ ಇರುವುದು ಸ್ವರದ ಆಯುಷ್ಯದಲ್ಲಿ. ಹಾರ್ಪ್ಸಿಕಾರ್ಡಿನಲ್ಲಿ ಹಕ್ಕಿಯ ಗರಿಯ ಮೊನೆ ತಂತಿಯನ್ನು ಮೀಟುತ್ತದೆ. ಮೀಟಿದ ಕ್ಷಣದಲ್ಲಿಯೇ ಸ್ವರ ಸಾಯಲು ಮೊದಲಾಗುತ್ತದೆ. ಆರ್ಗನ್ನಿನಲ್ಲಾದರೋ, ತಿದಿಯಿಂದ ಹೊರಟ ಗಾಳಿ ಕೊಳವೆಯ ಬಾಯಿಯನ್ನು ಹೊಕ್ಕು, ಬೆರಳು ಮನೆಯ ಮೇಲಿರುವಷ್ಟು ಹೊತ್ತೂ ಏರದೆ ಇಳಿಯದೆ ಒಂದೇ ಸಮನಾಗಿ ನುಡಿಯುತ್ತಲೇ ಇರುತ್ತದೆ. ಹೀಗೆ ಅಲುಗದೆ ನಿಂತ ಸ್ವರದ ಮುಂದೆ ಪಿಟೀಲಿನ ಪ್ರತಿಯೊಂದು ಏರಿಳಿತವೂ, ಕಮಾನಿನ ಒತ್ತಡದ ಅತ್ಯಲ್ಪ ವ್ಯತ್ಯಾಸವೂ, ಬೆರಳಿನ ಕೂದಲೆಳೆಯಷ್ಟು ತಪ್ಪೂ ಬಯಲಿಗೆ ಬೀಳುತ್ತದೆ. ತಂಬೂರಿಯನ್ನೋ ಶ್ರುತಿಪೆಟ್ಟಿಗೆಯನ್ನೋ ಕಿವಿಯಲ್ಲಿಟ್ಟುಕೊಂಡು ಬೆಳೆದ ನಮ್ಮ ರಸಿಕರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ನಿಂತ ಸ್ವರದ ಆಧಾರದಲ್ಲಿ ಚಲಿಸುವ ಸ್ವರ ಅರ್ಥವನ್ನು ಪಡೆಯುತ್ತದೆಂಬುದು ಇಲ್ಲಿ ಪಾಠದ ಮೊದಲ ದಿನವೇ ತಿಳಿದುಹೋಗುವ ವಿಷಯ.

ಆರ್ಗನ್ನು ಪಿಟೀಲಿನವರ ನೆನಪಿನಿಂದ ಪೂರ್ತಿಯಾಗಿ ಅಳಿದುಹೋಗಿತ್ತೆಂದೇನೂ ಅಲ್ಲ. ಲಿಕ್ಟೆನ್‌ಸ್ಟೈನಿನ ವಾಡುಟ್ಸ್‌ನಲ್ಲಿ ಹುಟ್ಟಿ ಮ್ಯೂನಿಕ್ಕಿನಲ್ಲಿ ಬಾಳಿದ ಯೋಸೆಫ್ ರೈನ್‌ಬರ್ಗರ್ ಈ ಎರಡು ವಾದ್ಯಗಳಿಗಾಗಿಯೇ ಆರು ತುಣುಕುಗಳನ್ನೂ ಒಂದು ದೀರ್ಘವಾದ ಸೂಟನ್ನೂ ಬರೆದನು. ಅವನ ಕೃತಿಗಳ ಕ್ರಮದಲ್ಲಿ ಅವು 150 ಮತ್ತು 166ನೆಯವು. 1917ರ ಅಕ್ಟೋಬರ್ 27ರಂದು ನ್ಯೂಯಾರ್ಕಿನ ಕಾರ್ನೆಗೀ ಹಾಲಿನಲ್ಲಿ ಹದಿನಾರು ವಯಸ್ಸಿನ ಪಿಟೀಲುಗಾರ ಯಾಷಾ ಹೈಫೆಟ್ಸ್ ಅಮೆರಿಕದ ರಸಿಕರೆದುರು ಮೊದಲ ಸಲ ನಿಂತಾಗ, ಕಛೇರಿಯನ್ನು ಆರಂಭಿಸಿದ್ದು ವಿಟಾಲಿಯ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಚಾಕೋನಿನಿಂದ; ಅದಕ್ಕೆ ಒತ್ತಾಸೆಯಾಗಿ ಮೊಳಗಿದ್ದು ಆರ್ಗನ್ನು. ಅದೇ ಕೃತಿಯನ್ನು ಅವರು 1950ರಲ್ಲಿ ರಿಚರ್ಡ್ ಎಲ್ಸಾಸರ್ ಎಂಬ ಆರ್ಗನ್ ವಾದಕನೊಡನೆ ಮುದ್ರಿಸಿದರು. ಅದು ನಿಜವಾಗಿ ವಿಟಾಲಿಯ ರಚನೆಯೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಹೈಫೆಟ್ಸರ ಆ ಮುದ್ರಿಕೆಯನ್ನು ಕೇಳಿದವರು ಚರ್ಚೆಯನ್ನು ಮರೆಯುತ್ತಾರೆ. ಅಲ್ಲಿ ಆರ್ಗನ್ನು ಸಿಂಹಾಸನದ ಹಿಂದೆ ಇಳಿಬಿಟ್ಟ ಜರತಾರಿಯ ಪರದೆ. ಕಣ್ಣು ನೆಟ್ಟಿರುವುದು ಅದರ ಮುಂದೆ ಕುಳಿತ ಪಿಟೀಲಿನ ಮೇಲೆ. ಈ ವೈಭವ ನನಗೆ ಪ್ರಿಯವಾದದ್ದೇ. ಆದರೆ ಹಾಲೋವೇ ಅವರು ಹಿಡಿದದ್ದು ಬೇರೊಂದು ಹಾದಿ. ಅದು ಹೆಚ್ಚು ಹಳೆಯದು, ಹೆಚ್ಚು ಕಠಿನವಾದದ್ದು.

ಹಾಲೋವೇ ಅವರ ಶಿಕ್ಷಣ ಆಗಿನ ಎಲ್ಲ ಪಿಟೀಲು ವಾದಕರದರಂತೆ ಆಧುನಿಕ ವಾದ್ಯದ ಮೇಲೆಯೇ ನಡೆಯಿತು. 1972ರಲ್ಲಿ ಬೆಲ್ಜಿಯಂ ದೇಶದ ಸಿಗಿಸ್ವಾಲ್ಡ್ ಕಾಯ್ಕೆನ್ ಅವರ ಪರಿಚಯವಾಗಿ, ಕರುಳಿನ ತಂತಿಯ ಹಳೆಯ ಪಿಟೀಲಿನ ಕಡೆ ಅವರ ಮನಸ್ಸು ತಿರುಗಿತು. 1975ರಲ್ಲಿ ಅವರು ಲೆಕೋಲ್ ದಾರ್ಫೇ ಎಂಬ ಮೇಳವನ್ನು ಕಟ್ಟಿದರು. ಹ್ಯಾಂಡಲನ ವಾದ್ಯಮೇಳದ ಕಿರುಕೃತಿಗಳೆಲ್ಲವನ್ನೂ ಹಳೆಯ ವಾದ್ಯಗಳಲ್ಲಿ ಮುದ್ರಿಸಿದ ಕೀರ್ತಿ ಆ ಮೇಳದ್ದು. ಮುಂದೆ ಹಲವು ವರ್ಷಗಳ ಕಾಲ ಟ್ಯಾವರ್ನರ್ ಪ್ಲೇಯರ್ಸ್, ಲಂಡನ್ ಕ್ಲಾಸಿಕಲ್ ಪ್ಲೇಯರ್ಸ್ ಎಂಬ ಎರಡು ಹೆಸರಾಂತ ವೃಂದಗಳಲ್ಲಿ ಅವರು ಮುಂದಾಳು ಪಿಟೀಲುಗಾರರಾಗಿದ್ದರು. ವೃಂದದ ಮುಂದಾಳಾಗಿ ದುಡಿದವರಿಗೆ ಇತರರನ್ನು ಕೇಳಿಸಿಕೊಳ್ಳುವ ಅಭ್ಯಾಸ ಸಹಜವಾಗಿ ಬರುತ್ತದೆ. ಅವರ ಮುಂದಿನ ಮುದ್ರಿಕೆಗಳಲ್ಲಿ ಈ ಗುಣ ಎದ್ದು ತೋರುತ್ತದೆ.

ಅವರ ಹೆಸರನ್ನು ಲೋಕಕ್ಕೆ ತಿಳಿಸಿದ್ದು ಬೀಬರನ ಜಪಮಾಲೆಯ ಸೊನಾಟಗಳು. ಹೈನ್ರಿಷ್ ಇಗ್ನಾಟ್ಸ್ ಫ್ರಾಂಟ್ಸ್ ಬೀಬರ್ 1644ರಲ್ಲಿ ಬೊಹೀಮಿಯದ ವಾರ್ಟೆನ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದವನು. ಕ್ರೊಮೆರೀಜ್‌ನಲ್ಲಿ ಒಲೊಮೊಟ್ಸ್‌ನ ಬಿಷಪ್ಪನ ಆಸ್ಥಾನದಲ್ಲಿದ್ದವನು 1670ರಲ್ಲಿ, ಯಾಕೋಬ್ ಸ್ಟೈನರ್ ಎಂಬ ಪ್ರಸಿದ್ಧ ಶಿಲ್ಪಿಯಿಂದ ವಾದ್ಯಗಳನ್ನು ತರಲು ಹೊರಟು, ಹಿಂತಿರುಗದೆ ಸಾಲ್ಜ್‌ಬರ್ಗಿನ ಆರ್ಚ್‌ಬಿಷಪ್ಪನ ಸೇವೆಗೆ ಸೇರಿಬಿಟ್ಟನು. ಅಲ್ಲಿಯೇ ಸಂಗೀತದ ಮುಖ್ಯಾಧಿಕಾರಿಯಾಗಿ, ಚಕ್ರವರ್ತಿಯಿಂದ ಶ್ರೀಮಂತ ಪದವಿಯನ್ನೂ ಪಡೆದು, 1704ರಲ್ಲಿ ತೀರಿಕೊಂಡನು. ಮೇರಿಮಾತೆಯ ಹಾಗೂ ಕ್ರಿಸ್ತನ ಜೀವನದ ಹದಿನೈದು ಪ್ರಸಂಗಗಳನ್ನು ಜಪಮಾಲೆ ಹಿಡಿದವರು ಧ್ಯಾನಿಸುವುದುಂಟಷ್ಟೆ; ಆ ಒಂದೊಂದಕ್ಕೂ ಒಂದೊಂದು ಸೊನಾಟವನ್ನು ಬೀಬರ್ 1676ರ ಸುಮಾರಿಗೆ ರಚಿಸಿ ತನ್ನ ಪ್ರಭುವಿಗೆ ಅರ್ಪಿಸಿದನು. ಆ ಹಸ್ತಪ್ರತಿ ಈಗ ಮ್ಯೂನಿಕ್ಕಿನ ಗ್ರಂಥಭಂಡಾರದಲ್ಲಿದೆ. ಮುಖಪತ್ರ ಕಳೆದುಹೋಗಿದೆ, ಪ್ರತಿ ಸೊನಾಟದ ತಲೆಯಲ್ಲಿ ಆಯಾ ಪ್ರಸಂಗದ ಸಣ್ಣ ಚಿತ್ರವೊಂದನ್ನು ಅಂಟಿಸಿದೆ. ಇನ್ನೂರಕ್ಕೂ ಮಿಕ್ಕ ವರ್ಷಗಳ ಕಾಲ ಅದು ಅಚ್ಚನ್ನು ಕಾಣಲಿಲ್ಲ; ಪ್ರಕಟವಾದದ್ದು 1905ರಲ್ಲಿ.

ಈ ಕೃತಿಗಳ ವಿಚಿತ್ರವಿರುವುದು ತಂತಿಗಳ ಶ್ರುತಿಯಲ್ಲಿ. ನಮ್ಮ ವಿದ್ವಾಂಸರು ಪಿಟೀಲನ್ನು ಸ-ಪ-ಸ-ಪ ಎಂದು ಮೇಳವಿಸಿಕೊಂಡು ಯೂರೋಪಿನ ಶ್ರುತಿಕ್ರಮವನ್ನು ಕೈಬಿಟ್ಟಿರುವುದರಿಂದ, ತಂತಿಯ ಶ್ರುತಿಯನ್ನು ಬದಲಾಯಿಸಿದರೆ ವಾದ್ಯದ ದನಿಯೇ ಬದಲಾಗುತ್ತದೆಂಬುದು ಅವರಿಗೆ ಚೆನ್ನಾಗಿ ತಿಳಿದಿದೆ. ಬೀಬರ್ ಮೊದಲನೆಯದೊಂದನ್ನು ಬಿಟ್ಟು ಮಿಕ್ಕ ಹದಿನಾಲ್ಕು ಸೊನಾಟಗಳಿಗೂ ಬೇರೆಬೇರೆ ಶ್ರುತಿಯನ್ನು ವಿಧಿಸಿದನು. ಬಿಗಿಗೊಳಿಸಿದ ತಂತಿಯಿಂದ ಒಂದು ಕಡೆ ಕಹಳೆಯ ತೀಕ್ಷ್ಣತೆ ಬರುತ್ತದೆ. ಸಡಿಲಿಸಿದ ತಂತಿಯಿಂದ ಇನ್ನೊಂದು ಕಡೆ ಮಬ್ಬಾದ, ಶೋಕಪೂರ್ಣವಾದ ದನಿ ಹೊರಡುತ್ತದೆ. ಹನ್ನೊಂದನೆಯದು ಕ್ರಿಸ್ತನ ಪುನರುತ್ಥಾನದ ಸೊನಾಟ. ಅದರಲ್ಲಿ ನಡುವಿನ ಎರಡು ತಂತಿಗಳನ್ನು ಅದಲುಬದಲಾಗಿ ಕಟ್ಟಬೇಕು. ಬಿರಡೆಗಳ ಬಳಿ ಒಮ್ಮೆ, ಕುದುರೆಯ ಹಿಂಬದಿಯಲ್ಲಿ ಇನ್ನೊಮ್ಮೆ, ಒಂದು ತಂತಿ ಇನ್ನೊಂದರ ಮೇಲೆ ಹಾಯ್ದು ಹೋಗುತ್ತದೆ. ಕುದುರೆಯ ಹಿಂದೆ ನೋಡಿದವರಿಗೆ ಅಲ್ಲಿ ಶಿಲುಬೆಯ ಆಕಾರ ಕಾಣುತ್ತದೆ. ಹೀಗೆ ಕಟ್ಟಿದ ಮೇಲೆ ಕೆಳಗಿನ ಜೋಡಿತಂತಿಗಳು ಒಂದು ಸ್ಥಾಯಿಯ ಅಂತರದಲ್ಲಿಯೂ, ಮೇಲಿನ ಜೋಡಿ ಮತ್ತೊಂದು ಸ್ಥಾಯಿಯ ಅಂತರದಲ್ಲಿಯೂ ನಿಲ್ಲುತ್ತವೆ. ಪಕ್ಕದ ಎರಡು ತಂತಿಗಳ ಮೇಲೆ ಒಮ್ಮೆಗೇ ಕಮಾನೆಳೆದರೆ, ಒಂದೇ ರಾಗವನ್ನು ತಂದೆಯೂ ಮಗುವೂ ಕೂಡಿ ಹಾಡಿದಂತೆ ಕೇಳುತ್ತದೆ. ವಾದಕನ ಕಷ್ಟವನ್ನು ಮಾತ್ರ ಕೇಳಬಾರದು: ಕಣ್ಣು ಕಾಗದದಲ್ಲಿ ಓದುವ ಸ್ವರವೊಂದು, ಕಿವಿಗೆ ಕೇಳುವ ಸ್ವರ ಬೇರೊಂದು.

ಈಗ ಆರ್ಗನ್ನಿನ ಮಾತಿಗೆ ಬರೋಣ. ಬೀಬರ್ ಬರೆದಿಟ್ಟದ್ದು ಪಿಟೀಲಿನ ಸಾಲನ್ನೂ ಅದರ ಕೆಳಗೆ ಮಂದ್ರದ ಒಂದು ಸಾಲನ್ನೂ ಮಾತ್ರ. ಮಂದ್ರದ ಸಾಲನ್ನು ಯಾವ ವಾದ್ಯದಲ್ಲಿ ನುಡಿಸಬೇಕು, ಅದರ ಮೇಲೆ ಎಂಥ ಸ್ವರಗುಚ್ಛಗಳನ್ನು ತುಂಬಬೇಕು ಎಂಬುದು ಅಂದಿನ ರೂಢಿಯಂತೆ ವಾದಕರ ವಿವೇಕಕ್ಕೆ ಬಿಟ್ಟದ್ದು. ಮೊದಲನೆಯ ಸೊನಾಟ ಗೇಬ್ರಿಯಲ್ ದೇವದೂತನು ಮೇರಿಗೆ ಶುಭವಾರ್ತೆಯನ್ನು ತಿಳಿಸಿದ ಪ್ರಸಂಗ. ಅದರ ಆರಂಭದಲ್ಲಿ ಮಂದ್ರದ ಒಂದೇ ಸ್ವರ ಬಹಳ ಹೊತ್ತು ನಿಂತಿರುತ್ತದೆ, ಅದರ ಮೇಲೆ ಪಿಟೀಲು ರೆಕ್ಕೆಯ ಬಡಿತದಂತಹ ವೇಗದ ಸ್ವರಗಳನ್ನು ಸುರಿಯುತ್ತದೆ. ಮೀಟುವ ವಾದ್ಯದಲ್ಲಾದರೆ ಆ ಮಂದ್ರಸ್ವರ ನಾಲ್ಕು ಕ್ಷಣದಲ್ಲಿ ಕರಗಿಹೋಗಿ ಪಿಟೀಲು ಶೂನ್ಯದಲ್ಲಿ ನೇತಾಡಬೇಕಾದೀತು. ಆರ್ಗನ್ನಿನ ಕೊಳವೆಯಲ್ಲಿ ಅದು ಅಚಲವಾಗಿ ನಿಲ್ಲುತ್ತದೆ. ದೇವದೂತನು ಬಂದಿಳಿಯುವುದಕ್ಕೆ ಒಂದು ನೆಲವಿದೆ ಎನ್ನಿಸುತ್ತದೆ. ಹಾಲೋವೇ ಅವರು ಈ ಸೊನಾಟಗಳನ್ನು ಮುದ್ರಿಸಿದಾಗ ಆರ್ಗನ್ನನ್ನೂ ಹಾರ್ಪ್ಸಿಕಾರ್ಡನ್ನೂ ನುಡಿಸಿದವರು ಡೇವಿಟ್ ಮೊರೋನಿ; ಜೊತೆಗೆ ಟ್ರಾಜಿಕೊಮೇಡಿಯ ಎಂಬ ಮೇಳದ ಲ್ಯೂಟು, ಹಾರ್ಪು, ವಿಯೋಲಗಳೂ ಇದ್ದುವು. ಪ್ರಸಂಗಕ್ಕೆ ತಕ್ಕಂತೆ ಪಕ್ಕವಾದ್ಯಗಳು ಬದಲಾಗುವ ಆ ಮುದ್ರಿಕೆಗೆ 1991ರಲ್ಲಿ ಗ್ರಾಮೊಫೋನ್ ಪತ್ರಿಕೆಯ ಪ್ರಶಸ್ತಿ ಬಂದಿತು. ಹದಿನೈದು ಸೊನಾಟಗಳ ಕೊನೆಯಲ್ಲಿ ಬರುವ ಪಾಸಕಾಲಿಯ ಎಂಬ ತುಣುಕಿನಲ್ಲಿ ಪಕ್ಕವಾದ್ಯವೇ ಇಲ್ಲ. ಇಳಿಯುವ ನಾಲ್ಕು ಸ್ವರಗಳು ಅರವತ್ತೈದು ಬಾರಿ ಮರಳಿ ಬರುತ್ತವೆ, ಅವುಗಳನ್ನು ಹೊರುವುದೂ ಅವುಗಳ ಮೇಲೆ ಹಾಡುವುದೂ ಒಂಟಿ ಪಿಟೀಲಿನದೇ ಕೆಲಸ. ಆರ್ಗನ್ನಿನಿಂದ ಕಲಿತ ಪಾಠವನ್ನು ಪಿಟೀಲು ಇಲ್ಲಿ ಗುರುವಿಲ್ಲದೆ ಒಪ್ಪಿಸುತ್ತಿದೆ ಎಂದು ನನಗೆ ತೋರುತ್ತದೆ.

ಇಷ್ಟಕ್ಕೇ ನಿಂತಿದ್ದರೆ ಹಾಲೋವೇ ಒಬ್ಬ ಯಶಸ್ವಿ ವಾದಕರಾಗಿ ಉಳಿಯುತ್ತಿದ್ದರು. ಅವರ ನಿಜವಾದ ಸಾಧನೆ ಅನಂತರದ್ದೆಂದು ನನ್ನ ಅಭಿಪ್ರಾಯ. ಮ್ಯೂನಿಕ್ಕಿನ ಇಸಿಎಂ ಸಂಸ್ಥೆಗಾಗಿ, ಮ್ಯಾನ್‌ಫ್ರೆಡ್ ಐಷರ್ ಅವರ ನಿರ್ಮಾಣದಲ್ಲಿ, ಅವರು ಒಂದಾದ ಮೇಲೊಂದರಂತೆ ಹೊರತಂದ ಮೂರು ಮುದ್ರಿಕೆಗಳಲ್ಲಿ ಮೊದಲಿನ ಆ ಸಮೃದ್ಧಿಯನ್ನೆಲ್ಲ ಬಿಟ್ಟುಕೊಟ್ಟರು. ಲ್ಯೂಟಿಲ್ಲ, ಹಾರ್ಪಿಲ್ಲ, ಮಂದ್ರವನ್ನು ಎಳೆಯುವ ಚೆಲ್ಲೊ ಕೂಡ ಇಲ್ಲ. ಇರುವುದು ಪಿಟೀಲು, ಅಲೋಯ್ಸಿಯಾ ಆಸೆನ್‌ಬೌಮ್ ಅವರ ಆರ್ಗನ್ನು, ಡೆನ್ಮಾರ್ಕಿನ ಲಾರ್ಸ್ ಉಲ್ರಿಕ್ ಮಾರ್ಟೆನ್ಸನ್ ಅವರ ಹಾರ್ಪ್ಸಿಕಾರ್ಡು. ಮೊದಲನೆಯದು ಷ್ಮೆಲ್ಟ್ಸರನ ಸೊನಾಟಗಳದು, 1999ರಲ್ಲಿ ಬಂದಿತು. ಉಳಿದೆರಡು ಮುಖ್ಯವಾಗಿ ಬೀಬರನವು, 2002 ಮತ್ತು 2004ರಲ್ಲಿ ಬಂದುವು. ಆಸ್ಟ್ರಿಯದ ಪಶ್ಚಿಮದ ಅಂಚಿನಲ್ಲಿ, ಫೋರಾರ್ಲ್‌ಬರ್ಗ್ ಪ್ರಾಂತದ ಪರ್ವತಕಣಿವೆಯೊಂದರಲ್ಲಿ ಸಾಂಕ್ಟ್ ಗೆರೋಲ್ಡ್ ಎಂಬ ಬೆನೆಡಿಕ್ಟೀನ್ ಸನ್ಯಾಸಿಗಳ ಮಠವಿದೆ. ಹಿಲಿಯರ್ಡ್ ಗಾಯಕರೊಡನೆ ಯಾನ್ ಗಾರ್ಬರೆಕ್ ಸ್ಯಾಕ್ಸೊಫೋನ್ ನುಡಿಸಿದ ಸುಪ್ರಸಿದ್ಧ ಮುದ್ರಿಕೆಯೂ ಅಲ್ಲಿಯದೇ. ಆ ಮಠದ ಪ್ರಾರ್ಥನಾಮಂದಿರದ ಪ್ರತಿಧ್ವನಿ ಈ ತಟ್ಟೆಗಳಲ್ಲಿ ನಾಲ್ಕನೆಯ ವಾದ್ಯದಂತೆ ವರ್ತಿಸುತ್ತದೆ.

ಷ್ಮೆಲ್ಟ್ಸರನ ವಿಷಯವನ್ನು ಇಲ್ಲಿ ಹೇಳದೆ ಹೋದರೆ ಅನ್ಯಾಯವಾದೀತು. ಯೋಹಾನ್ ಹೈನ್ರಿಷ್ ಷ್ಮೆಲ್ಟ್ಸರ್ ವಿಯೆನ್ನದ ಚಕ್ರವರ್ತಿಯ ಆಸ್ಥಾನದ ಪಿಟೀಲುಗಾರ. ಇಟಲಿಯವರಿಗೇ ಮೀಸಲಾಗಿದ್ದ ಆಸ್ಥಾನ ಸಂಗೀತಾಧಿಪತ್ಯ 1679ರಲ್ಲಿ ಅವನಿಗೆ ದೊರೆಯಿತು. ಮರುವರ್ಷವೇ ಪ್ರಾಗ್ ನಗರದಲ್ಲಿ ಮಹಾಮಾರಿಗೆ ತುತ್ತಾದನು. 1664ರಲ್ಲಿ ನ್ಯೂರೆಂಬರ್ಗಿನಲ್ಲಿ ಅವನು ಅಚ್ಚು ಹಾಕಿಸಿದ ಆರು ಸೊನಾಟಗಳು, ಜರ್ಮನ್ ಭಾಷೆಯ ನಾಡುಗಳ ರಚನಕಾರನೊಬ್ಬನು ಒಂಟಿ ಪಿಟೀಲಿಗೆ ಮಂದ್ರಾಧಾರ ಸಹಿತವಾಗಿ ಪ್ರಕಟಿಸಿದ ಮೊದಲ ಸಂಪುಟ. ಬೀಬರ್ ಅವನ ಶಿಷ್ಯನಾಗಿದ್ದಿರಬಹುದೆಂದು ಹಲವರ ಊಹೆ. ಪುರಾವೆ ಸಿಕ್ಕಿಲ್ಲ, ಕಿವಿ ಮಾತ್ರ ಒಪ್ಪುತ್ತದೆ.

ಪಿಟೀಲು ಮತ್ತು ಆರ್ಗನ್ನುಗಳನ್ನು ಕೂಡಿಸಿ ಮುದ್ರಿಸುವವರ ಮುಂದಿರುವ ತೊಡಕು ಎಂಥದೆಂಬುದನ್ನು ಸ್ವಲ್ಪ ಹೇಳಬೇಕು. ಆರ್ಗನ್ನಿನ ಶ್ರುತಿಯನ್ನು ಕಛೇರಿಯ ನಡುವೆ ತಿದ್ದುವಂತಿಲ್ಲ. ನೂರಾರು ಕೊಳವೆಗಳು ಹೇಗಿವೆಯೋ ಹಾಗೆಯೇ ಇರುತ್ತವೆ, ಬಗ್ಗಬೇಕಾದದ್ದು ಪಿಟೀಲೇ. ಮೇಲಾಗಿ, ಗಾಳಿ ಬೆಚ್ಚಗಾದಷ್ಟೂ ಅದರಲ್ಲಿ ಧ್ವನಿಯ ವೇಗ ಹೆಚ್ಚುವುದರಿಂದ ಕೊಳವೆಯ ಶ್ರುತಿ ಏರುತ್ತದೆ. ಹತ್ತು ಡಿಗ್ರಿ ಸೆಲ್ಸಿಯಸ್ ಉಷ್ಣ ಏರಿದರೆ ಶ್ರುತಿ ಅರ್ಧಸ್ವರದ ಮೂರನೆಯ ಒಂದು ಭಾಗಕ್ಕೆ ಸಮೀಪವಾಗಿ ಮೇಲೆ ಹೋಗುತ್ತದೆ. ಕರುಳಿನ ತಂತಿಯ ಸ್ವಭಾವ ಇದಕ್ಕೆ ಪ್ರತಿಕೂಲವಾದದ್ದು. ತೇವಕ್ಕೂ ತಾಪಕ್ಕೂ ಅದು ತನ್ನದೇ ರೀತಿಯಲ್ಲಿ ಸಡಿಲುವುದೋ ಬಿಗಿಯುವುದೋ ಆಗುತ್ತದೆ, ಕೊಳವೆಯೊಡನೆ ಕೂಡಿ ನಡೆಯುವುದಿಲ್ಲ. ಇದರ ಮೇಲೆ ಬೀಬರನ ಶ್ರುತಿಪಲ್ಲಟ ಬೇರೆ. ಅವನ 1681ರ ಸಂಪುಟದ ಆರನೆಯ ಸೊನಾಟದಲ್ಲಿ, ಕೃತಿಯ ನಡುವೆಯೇ ಮೇಲಿನ ತಂತಿಯನ್ನು ಒಂದು ಸ್ವರದಷ್ಟು ಇಳಿಸಿಕೊಂಡು ಮುಂದುವರಿಯಬೇಕು. ಆಗಷ್ಟೇ ಸ್ಥಾನ ಬದಲಿಸಿದ ತಂತಿ ಹಳೆಯ ಬಿಗಿತಕ್ಕೆ ಮರಳಲು ಹವಣಿಸುತ್ತಿರುತ್ತದೆ, ಪಕ್ಕದಲ್ಲಿ ಆರ್ಗನ್ನು ಎಳ್ಳಷ್ಟೂ ಕರುಣೆಯಿಲ್ಲದೆ ಶುದ್ಧಸ್ವರವನ್ನು ಹಿಡಿದು ನಿಂತಿರುತ್ತದೆ. ಇಂಥ ಸ್ಥಳಗಳಲ್ಲಿ ಹಾಲೋವೇ ಅವರ ನಡೆ ನನಗೆ ಅತ್ಯಂತ ಗೌರವಾರ್ಹವಾಗಿ ಕಂಡಿದೆ. ಅವರು ಕಂಪನವನ್ನು ಬಳಸಿ ಸ್ವರವನ್ನು ಮಸುಕುಗೊಳಿಸಿ ಪಾರಾಗುವುದಿಲ್ಲ. ಆರ್ಗನ್ನಿನ ಸ್ವರದ ಪಕ್ಕದಲ್ಲಿ ತಮ್ಮ ಸ್ವರವನ್ನು ನೇರವಾಗಿ, ಬರಿಮೈಯಲ್ಲಿ ತಂದು ನಿಲ್ಲಿಸುತ್ತಾರೆ.

2004ರ ಮುದ್ರಿಕೆಯಲ್ಲಿ ಎರಡು ಸ್ವಾರಸ್ಯಗಳುಂಟು. ಬೀಬರನ ಜಪಮಾಲೆಯ ಸೊನಾಟಗಳಲ್ಲಿ ಕ್ರಿಸ್ತನನ್ನು ಶಿಲುಬೆಗೇರಿಸಿದ ಪ್ರಸಂಗದ ಹತ್ತನೆಯದನ್ನೇ ಷ್ಮೆಲ್ಟ್ಸರನ ಮಗ ಆಂಡ್ರಿಯಾಸ್ ಆಂಟೋನ್, 1683ರಲ್ಲಿ ತುರ್ಕರು ವಿಯೆನ್ನವನ್ನು ಮುತ್ತಿ ಸೋತ ಕಥೆಗೆ ಹೊಂದಿಸಿ, ಖಂಡಖಂಡಕ್ಕೂ ಯುದ್ಧದ ಶೀರ್ಷಿಕೆಗಳನ್ನು ಕೊಟ್ಟನು. ಭಕ್ತಿಯ ಸಂಗೀತ ಹೀಗೆ ರಣಸಂಗೀತವಾದ ವಿಲಕ್ಷಣ ರೂಪವನ್ನು ಹಾಲೋವೇ ಅಲ್ಲಿ ನುಡಿಸಿದ್ದಾರೆ. ಅದಕ್ಕಿಂತ ನನ್ನನ್ನು ಹೆಚ್ಚಾಗಿ ಹಿಡಿದು ನಿಲ್ಲಿಸುವುದು ಗಿಯೋರ್ಗ್ ಮುಫಾಟನ ಸೊನಾಟ. ಮುಫಾಟ್ ವೃತ್ತಿಯಿಂದ ಆರ್ಗನ್ ವಾದಕ. ಸಾಲ್ಜ್‌ಬರ್ಗಿನ ಮಹಾದೇವಾಲಯದಲ್ಲಿ ಹತ್ತಕ್ಕೂ ಹೆಚ್ಚು ವರ್ಷ ಬೀಬರನ ಸಹೋದ್ಯೋಗಿಯಾಗಿದ್ದು, ಬೀಬರ್ ತೀರಿಕೊಂಡ 1704ರಲ್ಲಿಯೇ ತಾನೂ ತೀರಿಕೊಂಡವನು. ಒಂಟಿ ಪಿಟೀಲಿಗೆಂದು ಅವನು ಬರೆದುದರಲ್ಲಿ ನಮಗೆ ಉಳಿದಿರುವುದು 1677ರಲ್ಲಿ ಪ್ರಾಗ್‌ನಲ್ಲಿ ರಚಿತವಾದ ಈ ಒಂದೇ ಸೊನಾಟ. ಆರ್ಗನ್ನಿನ ಮುಂದೆ ಕುಳಿತು ಆಯುಷ್ಯ ಕಳೆದವನು ಪಿಟೀಲಿಗೆ ಬರೆದರೆ ಹೇಗಿದ್ದೀತೆಂಬುದಕ್ಕೆ ಇದು ಸಾಕ್ಷಿ. ಶಾಂತವಾದ ಒಂದು ಗೀತದಿಂದ ಆರಂಭವಾಗುತ್ತದೆ. ನಡುವೆ ಸ್ವರಸಂಗತಿಗಳು ಊಹಿಸಲಾರದ ದೂರಕ್ಕೆ ಅಲೆದುಹೋಗುತ್ತವೆ. ಕೊನೆಗೆ ಅದೇ ಗೀತ ಹಿಂತಿರುಗುತ್ತದೆ. ಆ ಅಲೆದಾಟದಲ್ಲಿ ಪಿಟೀಲು ಮುಂದಾಳೋ ಆರ್ಗನ್ನು ಮುಂದಾಳೋ ಎಂಬುದನ್ನು ಹೇಳುವುದು ಕಷ್ಟ. ಹೇಳುವ ಅಗತ್ಯವೂ ಇಲ್ಲ.

ಹಾಲೋವೇ ಅವರು ಡ್ರೆಸ್ಡೆನ್ನಿನ ಸಂಗೀತ ವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ ಕೆಲಸಮಾಡಿದರು; ಬಾಖನ ಒಂಟಿ ಪಿಟೀಲಿನ ಕೃತಿಗಳನ್ನೂ ವೆರಚೀನಿ, ಲೆಕ್ಲೇರ್ ಮುಂತಾದವರ ಸೊನಾಟಗಳನ್ನೂ ಮುದ್ರಿಸಿದರು. ಅವೆಲ್ಲವೂ ಸತ್ಕೃತಿಗಳೇ. ಆದರೂ ನನ್ನ ತೀರ್ಪನ್ನು ಮುಚ್ಚಿಡುವುದಿಲ್ಲ: ಆರ್ಗನ್ನಿನ ಪಕ್ಕದಲ್ಲಿ ನಿಂತಾಗ ಅವರ ಕಮಾನಿಗೆ ಬರುವ ಗಾಂಭೀರ್ಯ ಮತ್ತೆಲ್ಲಿಯೂ ಅಷ್ಟು ಪೂರ್ಣವಾಗಿ ಬಂದಿಲ್ಲ. ಅವರಿಗಿಂತ ಚುರುಕಾಗಿ, ಬೆರಗು ಹುಟ್ಟಿಸುವಂತೆ ಬೀಬರನನ್ನು ನುಡಿಸುವವರು ಈಗ ಹಲವರಿದ್ದಾರೆ. ವೇಗವನ್ನೇ ಬಯಸುವವರಿಗೆ ಈ ತಟ್ಟೆಗಳು ಮಂದವೆನಿಸಬಹುದು. ಆದರೆ ಅವಸರವಿಲ್ಲದೆ, ಸ್ವರ ಗೋಡೆಗೆ ತಾಗಿ ಹಿಂತಿರುಗುವಷ್ಟು ಸಮಯ ಕೊಟ್ಟು ನುಡಿಸುವ ಈ ಕ್ರಮವೇ ಅಟ್ಟಣೆಯ ಮೇಲಿನ ಸಂಗೀತಕ್ಕೆ ತಕ್ಕದ್ದೆಂದು ನಾನು ನಂಬಿದ್ದೇನೆ.

ಈ ಸಂಗೀತವನ್ನು ಹೊಸದಾಗಿ ಕೇಳಬಯಸುವ ಓದುಗರು ಜಪಮಾಲೆಯ ಹದಿನೈದು ಸೊನಾಟಗಳನ್ನು ಒಮ್ಮೆಗೇ ಕೈಗೆತ್ತಿಕೊಳ್ಳುವುದು ಬೇಡ. ಮೊದಲು ಷ್ಮೆಲ್ಟ್ಸರನ ತಟ್ಟೆಯಲ್ಲಿ ನಾಲ್ಕನೆಯ ಸೊನಾಟವೊಂದನ್ನು ಕೇಳಿ. ಅದರ ಆರಂಭದಲ್ಲಿಯೂ ಮಂದ್ರದಲ್ಲಿ ಇಳಿಯುವ ನಾಲ್ಕು ಸ್ವರಗಳು ಮರಳಿಮರಳಿ ಬರುತ್ತವೆ, ಹಿಡಿಯುವುದು ಸುಲಭ. ಮೊದಲ ಸಲ ಪಿಟೀಲಿನ ಹಿಂದೆ ಹೋಗಿ; ಎರಡನೆಯ ಸಲ ಪಿಟೀಲನ್ನು ಅದರ ಪಾಡಿಗೆ ಬಿಟ್ಟು ಆರ್ಗನ್ನನ್ನೇ ಆದಿಯಿಂದ ಅಂತ್ಯದವರೆಗೆ ಕೇಳಿ. ಆಮೇಲೆ ಮುಫಾಟನ ಸೊನಾಟವನ್ನು ಕೇಳಿ. ಬೀಬರನ ಬಳಿಗೆ ಹೋಗಲು ಅಷ್ಟು ಸಿದ್ಧತೆ ಸಾಕು.